‘ಹಣೆಬರಹ ಅಲ್ಲ ಮೇಷ್ಟ್ರೇ, ನಿಮ್ಮ ಹಟ’

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಯಿಗಳ ಸಂತಾನಹರಣ ಕೇಂದ್ರದ ಸಿಮೆಂಟ್ ನೆಲದ ಮೇಲೆ ಮಂಡಿಯೂರಿದ ಹೆಂಗಸೊಬ್ಬರು ಪಂಜರದೊಳಗೆ ತಲೆ ತೂರಿಸಿ, ಕಂದು ನಾಯಿಯ ಹೊಟ್ಟೆಗೆ ಟಾರ್ಚ್ ಬಿಡುತ್ತಿದ್ದಾರೆ. “ಹೊಲಿಗೆ ನೆಕ್ಕಿದ್ಯಾ, ಕಳ್ಳಿ?” ನಾಯಿ ಬಾಲ ಬಡಿಯುತ್ತದೆ. ಊತವಿಲ್ಲ, ಕೀವಿಲ್ಲ. ಮುಂದಿನ ಪಂಜರ.

ಇವರು ನಾಯಕ್ಕ. ‘ನಾಯಿ ಅಕ್ಕ’ ಎಂದು ಅಣಕಿಸಲು ಯಾರೋ ಇಟ್ಟ ಹೆಸರು. “ಇರಲಿ ಬಿಡಿ, ಕೇಳೋಕೆ ನಾಯಕಿ ಥರಾನೇ ಇದೆ,” ಎಂದು ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಹನ್ನೊಂದು ವರ್ಷದ ಕೆಲಸ. ಇಪ್ಪತ್ತನಾಲ್ಕು ಪಂಜರ, ದಿನಕ್ಕೆ ಎಂಟು ಹತ್ತು ಶಸ್ತ್ರಚಿಕಿತ್ಸೆ. ಕೊಯ್ಯುವುದು, ಹೊಲಿಯುವುದು ಡಾಕ್ಟರು. ಬಲೆ ಹಾಕಿ ಹಿಡಿಯುವುದು, ಹೊಟ್ಟೆಯ ಕೂದಲು ಬೋಳಿಸುವುದು, ಎಚ್ಚರವಾಗುವವರೆಗೂ ಕಂಬಳಿ ಹೊದಿಸಿ ಕಾಯುವುದು, ಗಾಯ ಮಾಗಿದ ಮೇಲೆ ಹಿಡಿದ ಬೀದಿಗೇ ಒಯ್ದು ಬಿಡುವುದು ಇವರ ಪಾಲು. ಎಡಗೈಯಲ್ಲಿ ಮೂರು ಕಡಿತದ ಗುರುತು. ಮನೆಗೆ ಹೋದರೆ ಅತ್ತೆ ಹಿತ್ತಲಲ್ಲೇ ಬಿಸಿನೀರು ಇಟ್ಟಿರುತ್ತಾರೆ. ಸ್ನಾನವಾಗದೆ ಒಳಗೆ ಬಿಡುವುದಿಲ್ಲ.

ಕಡಿತಕ್ಕೆ ಬೇಸರವಿಲ್ಲ. ಸಿಟ್ಟೆಲ್ಲ ಜನರ ಮೇಲೆ. “ಹಿಡಿಯೋಕೆ ಹೋದ್ರೆ ಪಾಪ ಕಟ್ಕೋತೀಯ ಅಂತಾರೆ. ವಾಪಸ್ ತಂದು ಬಿಟ್ರೆ ಯಾಕ್ ತಂದೆ ಅಂತಾರೆ. ಕಣ್ಣು ಬಿಡದ ಮರಿಗಳನ್ನ ಚೀಲದಲ್ಲಿ ಕಟ್ಟಿ ಮೋರಿಗೆ ಎಸೀವಾಗ ಆ ಪಾಪ ಎಲ್ಲಿ ಹೋಗಿತ್ತು?”

ಸಾಕಿದವರೂ ಕಡಿಮೆಯಿಲ್ಲ. ಕೇಂದ್ರದ ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಒಂದು ಕಪ್ಪು ಹೆಣ್ಣುನಾಯಿ ಸಾಕಿದ್ದರು. ಆಪರೇಷನ್ ಮಾಡಿಸಿ ಎಂದು ನಾಯಕ್ಕ ಮೂರು ವರ್ಷ ಅವರ ಬಾಗಿಲು ಬಡಿದರು. ಮಾಡಿಸಿದರೆ ನಾಯಿ ಮಂಕಾಗುತ್ತದೆ, ಮನೆ ಕಾಯುವುದಿಲ್ಲ ಎಂಬುದು ಅವರ ವಾದ.

“ಯಾರ್ರೀ ಹೇಳಿದ್ದು? ಕಾಯೋದು ಎಲ್ಲೂ ಹೋಗಲ್ಲ. ಗಂಡಾದ್ರೆ ಹೆಣ್ಣಿನ ಹಿಂದೆ ಅಲೆಯೋದು, ಕಚ್ಚಾಡೋದು ಕಡಿಮೆ ಆಗುತ್ತೆ. ಹೆದರಿ ಕಚ್ಚೋ ನಾಯಿ ಇದರಿಂದ ಸಾಧು ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಮೈ ಬರುತ್ತೆ, ನಿಜ. ಅನ್ನ ಒಂದು ಹಿಡಿ ಕಮ್ಮಿ ಹಾಕಿ, ಓಡಾಡಿಸಿ!”

ಮೇಷ್ಟ್ರು ಕೇಳಲಿಲ್ಲ. ಬೆದೆ ಮುಗಿದು ಒಂದು ತಿಂಗಳಿಗೆ ನಾಯಿ ಊಟ ಬಿಟ್ಟು ಬಕೆಟ್‌ಗಟ್ಟಲೆ ನೀರು ಕುಡಿಯತೊಡಗಿತು. ಅಜೀರ್ಣವೆಂದುಕೊಂಡು ನಾಲ್ಕು ದಿನ ಕಾದು, ಐದನೆಯ ದಿನ ಬೆಡ್‌ಶೀಟಿನಲ್ಲಿ ಹೊತ್ತು ತಂದರು. ಡಾಕ್ಟರು ಹೊಟ್ಟೆ ತೆರೆದಾಗ ಗರ್ಭಕೋಶದ ತುಂಬ ಕೀವು. ಮಧ್ಯಾಹ್ನದೊಳಗೆ ಪ್ರಾಣ ಹೋಯಿತು. ನಾಯಕ್ಕನೇ ಅದನ್ನು ತೊಳೆದು, ಅದೇ ಬೆಡ್‌ಶೀಟಿನಲ್ಲಿ ಸುತ್ತಿ ಕೊಟ್ಟರು.

“ಹಣೆಬರಹ ಕಣಮ್ಮ,” ಎಂದರಂತೆ ಮೇಷ್ಟ್ರು.

“ನನಗೆ ಮೈಯೆಲ್ಲ ಉರಿದುಹೋಯ್ತು. ಹಣೆಬರಹ ಅಲ್ಲ ಮೇಷ್ಟ್ರೇ, ನಿಮ್ಮ ಹಟ ಅಂದೆ. ಗರ್ಭಕೋಶಾನೇ ತೆಗೆಸಿದ್ರೆ ಕೀವು ತುಂಬೋಕೆ ಜಾಗ ಎಲ್ಲಿತ್ತು ಅಂದೆ. ದೊಡ್ಡವರು ಅಂತ ನೋಡಲಿಲ್ಲ.”

ಹದಿನೈದು ದಿನ ಕಳೆದು ಮೇಷ್ಟ್ರು ಮತ್ತೆ ಗೇಟಿನಲ್ಲಿ ನಿಂತಿದ್ದರು. ಕಂಕುಳಲ್ಲಿ ಸತ್ತ ನಾಯಿಯ ಆರು ತಿಂಗಳ ಹೆಣ್ಣುಮರಿ. “ಇದಕ್ಕೆ ಮಾಡಿಸಿಬಿಡಮ್ಮ.” ಮೊದಲ ಬೆದೆಗೆ ಮುಂಚೆಯೇ ಆದರೆ ಮೊಲೆಯ ಗೆಡ್ಡೆಯ ಭಯವೂ ತೀರಾ ಕಡಿಮೆ ಎಂದು ಡಾಕ್ಟರು ಅಂದೇ ಆಪರೇಷನ್ ಮಾಡಿದರು. ಮರಿಗೆ ಎಚ್ಚರವಾಗುವವರೆಗೆ ಪಂಜರದ ಪಕ್ಕ ಕೂರಲೇ ಎಂದು ಮೇಷ್ಟ್ರು ಕೇಳಿದರು. ನಾಯಕ್ಕ ಸ್ಟೂಲ್ ತಂದು ಹಾಕಿದರು. “ಕೂತ್ಕೊಳ್ಳಿ. ಆದ್ರೆ ನನ್ನ ಹತ್ರ ಮಾತಾಡಬೇಡಿ. ಸಿಟ್ಟು ಇಳಿದಿಲ್ಲ.”

ಈಗಲೂ ಇಳಿದಂತಿಲ್ಲ. ನಿಮಗೇನಾದರೂ ಆಸೆ ಇದೆಯೇ ಎಂದರೆ, ತಟ್ಟೆ ಉಜ್ಜುತ್ತಿದ್ದ ಕೈ ನಿಲ್ಲುತ್ತದೆ.

“ಚೆನ್ನಾಗಿರೋ ನಾಯೀನ ಜನ ತಾವಾಗೇ ನಡೆಸ್ಕೊಂಡು ಬರಬೇಕು. ಹೆಣ ತೊಳೆದು ಸಾಕಾಗಿದೆ ನನಗೆ.”