ಕಡಕ್‌ಬುತ್ತಿ ಹೆಸರನ್ನು ಕದ್ದವನು

ಹೇಳಬೇಕು, ಹೇಳಬೇಕು ಎನ್ನುತ್ತಲೇ ಮುದುಕನಾಗಿಬಿಟ್ಟೆ. ವೀರಣ್ಣ ಬದುಕಿದ್ದಾಗಲೇ ಹೇಳಬಹುದಿತ್ತು — ಹೇಳಲಿಲ್ಲ. ನಮ್ಮ ವೆಬ್‌ಸೈಟಿಗೆಂದು ಆರಿಸಿದ್ದ ಹೆಸರನ್ನು ಕದ್ದವನು ನಾನು. ಆ ಕಳ್ಳತನವನ್ನು ಹೊತ್ತವಳು ಬೇರೆಯವಳು.

ವೀರಣ್ಣನೂ ನಾನೂ ವಿಜಾಪುರದ ಕಡೆಯವರು. ಪುಣೆಯಲ್ಲಿ ಪಾಲುದಾರರಾಗಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದೆವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಗಿರಾಕಿಗಳು ವೆಬ್‌ಸೈಟ್ ಕೇಳತೊಡಗಿದರು. ಅದಕ್ಕೆ ಹೆಸರು ಹುಡುಕಲು ವೀರಣ್ಣನದೊಂದು ಪರೀಕ್ಷೆ — ಫೋನಿನಲ್ಲಿ ಒಂದೇ ಸಲ ಹೇಳುವುದು. ಆ ಕಡೆಯವರು ತಪ್ಪಿಲ್ಲದೆ ಬರೆದುಕೊಂಡರೆ ಪಾಸು. ಅಂಗಡಿಯ ಪೂರ್ತಿ ಹೆಸರು ಹೇಳಿದಾಗ ಸಾಸವಡದ ನಮ್ಮ ಹಳೆಯ ಗಿರಾಕಿ ನಕ್ಕನಂತೆ: "ವೀರಣ್ಣಾರ, ಇಷ್ಟ್ ಬರಿಯೂದ್ರಾಗ ರೊಟ್ಟಿ ಮೆತ್ತಗಾಗ್ತಾವ್ರಿ!" ಕೊನೆಗೆ 'ಕಡಕ್‌ಬುತ್ತಿ' ಗೆದ್ದಿತು. ಚಿಕ್ಕದು, ಮರಾಠಿ ಬಾಯಿಗೂ ಸಲೀಸು.

ನನ್ನ ತಲೆಗೆ ಹುಳ ಹೊಕ್ಕದ್ದು ಆಗಲೇ. ಇಷ್ಟೊಂದು ಜನಕ್ಕೆ ಫೋನು ಯಾಕೆ? ವೀರಣ್ಣ ನಮ್ಮ ಗಿರಾಕಿಯಾದ ರಾಂಜಣಗಾಂವದ ಕ್ಯಾಂಟೀನಿನವನಿಗೆ, "ಇನ್ನ ಮುಂದ ಇದಽ ಹೆಸರ ನೆನಪಿಟ್ಕೋರಿ" ಎಂದದ್ದು ಕಿವಿಗೆ ಬಿತ್ತು. ನಾನು ಒಳಗೆ ಕಾಲಿಟ್ಟೊಡನೆ ಫೋನು ಇಟ್ಟ. ಹೆಸರು ವೀರಣ್ಣನ ಕೈಗೆ ಹೋದರೆ ಗಿರಾಕಿಗಳೂ ಅವನ ಹಿಂದೆಯೇ — ಆಮೇಲೆ ನಾನು...

ಯಾರ ಹೆಸರಿಗೆ ಮಾಡಿಸುತ್ತೀ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಶಿವಾಜಿನಗರದ ಒಂದು ಸೈಬರ್ ಕೆಫೆಗೆ ಹೋಗಿ ಆ ಹೆಸರನ್ನು ಮೊದಲೇ ಹಿಡಿಸಿಟ್ಟೆ. ನನ್ನ ಸುಳಿವು ಸಿಗಬಾರದೆಂದು ಕೆಫೆಯ ಹೆಸರಿನಲ್ಲೇ ನೋಂದಾಯಿಸಿದೆ. ಊರಿನಿಂದ ಜೊತೆಗೆ ಬಂದ ಗೆಳೆಯನನ್ನು ನಂಬದವನು, ಅಂದೇ ಕಂಡ ಕೆಫೆಯವನನ್ನು ನಂಬಿದೆ.

ಕೆಲವು ದಿನಗಳಾದ ಮೇಲೆ ವೀರಣ್ಣ ನೋಂದಣಿಗೆ ಕೂತಾಗ ಹೆಸರು ಹೋಗಿತ್ತು. ಮಾಲೀಕರ ಜಾಗದಲ್ಲಿ ಆ ಕೆಫೆ. ನಮ್ಮ ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ಹುಡುಗಿ ಟೈಪಿಂಗ್ ಕಲಿತದ್ದು ಅಲ್ಲಿಯೇ. ನನಗದು ಗೊತ್ತಿರಲಿಲ್ಲ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಆ ಕೆಫೆಯ ದಾರಿಯನ್ನು ಅವಳ ಬಾಯಿಂದಲೇ ಕೇಳಿದ್ದೆ.

"ಯಾರಿಗೆ ಮಾರಿದಿ, ತಂಗಿ? ಖರೇ ಹೇಳು," ಎಂದ ವೀರಣ್ಣ.

"ಯಾರ ಮುಂದೂ ಬಾಯಿ ಬಿಟ್ಟಿಲ್ರಿ ನಾ." ಆಮೇಲೆ ನನ್ನತ್ತ ತಿರುಗಿದಳು. "ಕಾಕಾ, ನೀವರ ಹೇಳ್ರಿ. ಮಾಲೀಕರು ಅಂತ ನಿಮ್ಮ ಹೆಸರ ಹಾಕು ಅಂದಿದ್ರು ಇವರು. ನಿಮ್ಮದನ್ನ ನಾ ಯಾಕ ಮಾರ್ಲಿ?"

ನನ್ನ ಹೆಸರು. ವೀರಣ್ಣ ನನ್ನ ಹೆಸರನ್ನೇ —

ಆಗಲಾದರೂ ಒಪ್ಪಿಕೊಳ್ಳಬಹುದಿತ್ತು. ನಾನು ಅಂದದ್ದು ಇಷ್ಟೇ: "ಹೋಗ್ಲಿ ಬಿಡು ವೀರಣ್ಣ, ಸಣ್ಣ ಹುಡುಗಿ, ತಪ್ಪಾಗಿರ್ತದ." ಕ್ಷಮಿಸುವವನ ಧ್ವನಿಯಲ್ಲಿ! ಅವಳು ನನ್ನನ್ನೇ ನೋಡಿದಳು. ತಿಳಿಯಿತೇನೋ ಅವಳಿಗೆ... ಚಪ್ಪಲಿ ಮೆಟ್ಟಿ ಹೊರಟುಹೋದಳು.

ಪುಣೆಯ ನಮ್ಮ ಜನರ ಯಾವ ಅಂಗಡಿಯಲ್ಲೂ ಅವಳಿಗೆ ಮತ್ತೆ ಕೆಲಸ ಸಿಗಲಿಲ್ಲ. ಗೋಡೆ ಕಟ್ಟುವ ಗೌಂಡಿ ಕೆಲಸದ ಅವಳಪ್ಪ ಒಮ್ಮೆ ನಮ್ಮ ಅಂಗಡಿಯ ಮುಂದೆ ಬಂದು ನಿಂತ. ಸ್ವಲ್ಪ ಹೊತ್ತಿಗೆ ತಿರುಗಿ ಹೋದ. ನಾನು ರೊಟ್ಟಿ ಕಟ್ಟುತ್ತಲೇ ಇದ್ದೆ.

ಅವಳು ಎಲ್ಲಿದ್ದಾಳೋ ತಿಳಿಯದು. ಇಲ್ಲಿಯವರೆಗೂ 'ಹುಡುಗಿ' ಎಂದಷ್ಟೇ ಬರೆದೆ, ಅದೂ ಹೇಡಿತನವೇ. ಅವಳು ಯಾವ ಹೆಸರನ್ನೂ ಮಾರಲಿಲ್ಲ. ನಾನು ಒಮ್ಮೆಯೂ ಕ್ಷಮೆ ಕೇಳದ ಅವಳು — ಸುವರ್ಣಾ.