ಹೆಸರು ಹೇಳಿ ಒಳಗೆ ಬಾ

ನಿನ್ನೆ ಸಂಜೆ ನಗರದಂಚಿನ ಉಲ್ಲಾಳದಲ್ಲಿ ಬಸ್ಸಿಳಿದಾಗ ಎಳನೀರು ಮಾರುವವನು ಒಣಗಿದ ಬುರುಡೆಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚಿದ್ದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಕಾಲು ತಾನಾಗಿ ನಿಂತಿತು. ಅದರ ಹಿಂದೆಯೇ ಹಳೆಯ ಸಿಟ್ಟೂ ಬಂತು. ಹೊಟ್ಟೆ ಹಸಿವು, ಬೆನ್ನುನೋವು, ಎದುರಿಗೆ ಚಿಲಕ ಹಾಕಿದ ಗೇಟು, ಅದರಾಚೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಓನರ್ ಆಂಟಿ... ಇಷ್ಟು ವರ್ಷವಾದರೂ ಆ ವಾಸನೆಗೆ ನನ್ನ ಮೈ ಉರಿಯುವುದು ನಿಂತಿಲ್ಲ.

ಆಗ ನಾನು ಬಸವೇಶ್ವರನಗರದ ಒಂದು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ್ದೆ. ರಾಜಾಜಿನಗರದ ಹಳೇ ಮನೆಯೊಂದರ ಮಹಡಿಯ ಮೇಲೆ ಒಂಟಿ ರೂಮು ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಓನರ್ ಆಂಟಿ ಮತ್ತು ಬಿನ್ನಿಪೇಟೆಯ ಮಿಲ್ಲಿನಲ್ಲಿ ದುಡಿದು ರಿಟೈರಾಗಿ ಮನೆಯಲ್ಲಿ ಕೂತಿದ್ದ ಅವರ ಯಜಮಾನರು. ಯಜಮಾನರು ಪೇಪರಿನಿಂದ ತಲೆ ಎತ್ತಿದ್ದನ್ನು ನಾನು ನೋಡಿದ್ದೇ ಕಡಿಮೆ. ಅವರ ಪಾಲಿನ ಮಾತನ್ನೂ ಆಂಟಿಯೇ ಆಡಿ ಮುಗಿಸುತ್ತಿದ್ದರು.

ಪ್ರಾಣಿಗಳ ನರ್ಸ್ ಅಂದರೆ ನಾಯಿಮರಿಗಳನ್ನು ಮುದ್ದು ಮಾಡಿಕೊಂಡು ಕೂತಿರುವ ಕೆಲಸ ಅಂತ ಜನ ತಿಳಿದಿರುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ವಾಂತಿ, ಭೇದಿ, ರಕ್ತ, ಫಿನಾಯಿಲು. ಇಬ್ಬರು ಹಿಡಿದರೂ ನಿಲ್ಲದ ನಾಯಿಯನ್ನು ಒಬ್ಬಳೇ ಅವುಚಿ ಹಿಡಿಯಬೇಕು, ಆಗ ಡಾಕ್ಟರು ಸೂಜಿ ಚುಚ್ಚಬೇಕು, ಅದು ತಿರುಗಿ ನನ್ನನ್ನು ಕಚ್ಚಬೇಕು. ಹಾಗೆ ಒಮ್ಮೆ ಕಚ್ಚಿದಾಗ ಅದರ ಯಜಮಾನಿ ಓಡಿ ಬಂದು "ಅಯ್ಯೋ ಕಂದಾ, ಹಲ್ಲು ನೋವಾಯ್ತಾ?" ಎಂದು ಅದರ ಬಾಯಿ ತೆರೆದು ನೋಡಿದರು. ನನ್ನ ಕೈಯಿಂದ ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅದನ್ನು ಒರೆಸಬೇಕಾದವಳೂ ನಾನೇ.

ಇಷ್ಟೆಲ್ಲ ಮುಗಿಸಿ ಬಂದವಳಿಗೆ ಬೇಕಾಗಿದ್ದುದು ಒಂದೇ. ಮೇಲೆ ಹೋಗಿ ಚಿಲಕ ಹಾಕಿ, ಫ್ಯಾನ್ ಹಾಕಿ, ತಣ್ಣಗಿನ ಕೆಂಪು ನೆಲದ ಮೇಲೆ ಅಂಗಾತ ಬೀಳಬೇಕು. ಅರ್ಧ ಗಂಟೆ ಯಾರೂ ಏನೂ ಕೇಳಬಾರದು. ಅಷ್ಟು ಸಿಕ್ಕಿದರೆ ಮರುದಿನ ಮತ್ತೆ ಆ ಬಾಗಿಲು ತೆಗೆಯಲು ಮನಸ್ಸು ಬರುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನನಗೆ ಖಾತ್ರಿಯಿತ್ತು. ಆ ಅರ್ಧ ಗಂಟೆಗೇ ಆಂಟಿ ಕಲ್ಲು ಹಾಕುತ್ತಿದ್ದುದು.

"ಇವತ್ತು ಯಾವ್ದಾದ್ರೂ ಹೋಯ್ತೇನೇ?"

ಗೇಟಿನ ಚಿಲಕಕ್ಕೆ ಕೈ ಹಾಕುವ ಮೊದಲೇ ಈ ಪ್ರಶ್ನೆ. ಸಾವಿನ ಮನೆಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕು, ಸರಿ. ಆದರೆ ನಾಯಿ ಸತ್ತರೂ ಅದೇ ನಿಯಮ ಎಂದು ಯಾವ ಶಾಸ್ತ್ರದಲ್ಲಿದೆಯೋ ಆ ದೇವರಿಗೇ ಗೊತ್ತು. ಆಂಟಿಯ ಶಾಸ್ತ್ರದಲ್ಲಿತ್ತು. ನಾಯಿ, ಬೆಕ್ಕು ಹೋದರೆ ತಲೆಗೆ ಸ್ನಾನ. ಗಿಣಿ, ಮೊಲವಾದರೆ ಕೈಕಾಲು ಮುಖ ತೊಳೆದರೆ ಸಾಕು. ಒಮ್ಮೆ ಯಾರೋ ಸಾಕಿದ ಆಮೆ ಸತ್ತುಹೋಯಿತು. ಆಂಟಿ ಗೇಟು ಹಿಡಿದು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಆಮೆ ವಿಷ್ಣುವಿನ ಅವತಾರವಾದ್ದರಿಂದ ತಲೆಗೇ ಆಗಬೇಕೆಂದು ತೀರ್ಪಾಯಿತು. ನಾನು ಅಲ್ಲಿಯವರೆಗೂ ಬೀದಿಯಲ್ಲಿ ನಿಂತಿದ್ದೆ.

ಮನೆಯ ಪಕ್ಕದ ಸಂದಿಯಲ್ಲಿ ಹಳೇ ಕಾಲದ ಬಚ್ಚಲಿತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಮೂಲೆಯಂಗಡಿಯ ಎಳನೀರಿನವನಿಂದ ಒಣಗಿದ ಬುರುಡೆಗಳನ್ನು ಚೀಲಗಟ್ಟಲೆ ತರಿಸಿ ಆಂಟಿ ಸಂಜೆಯಾಗುತ್ತಿದ್ದಂತೆ ಉರಿ ಹಾಕುತ್ತಿದ್ದರು. ಅವರಿಗೇನು ಪ್ರಾಣಿಗಳೆಂದರೆ ಪ್ರೀತಿ ಎಂದುಕೊಳ್ಳಬೇಡಿ. ಬೀದಿನಾಯಿ ಗೇಟಿನ ಹತ್ತಿರ ಸುಳಿದರೆ ಚೊಂಬು ಎಸೆಯುವ ಗುಂಪಿನವರು. "ಬದುಕಿರೋವಾಗಿನ ಮಾತು ಬೇರೆ, ಹೋದ್ಮೇಲಿನ ಮಾತು ಬೇರೆ" ಎನ್ನುತ್ತಿದ್ದರು.

ಸ್ನಾನವೊಂದೇ ಆಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಅದಕ್ಕೂ ಮೊದಲು ಹೆಸರು ಹೇಳಬೇಕಿತ್ತು.

"ಹೆಸರೇನು ಅದರದ್ದು?"

"ಹೆಸರು ಯಾಕೆ ಆಂಟಿ? ಕಾಲು ನೋಯ್ತಾ ಇದೆ, ಬಿಡಿ."

"ಯಾರಿಗೆ ಅಂತ ಹೇಳ್ದೆ ನೀರು ಹಾಕ್ಕೊಂಡ್ರೆ ಅದು ಬರೀ ಸ್ನಾನ ಕಣೇ. ಹೇಳು."

ಬ್ರೂನೋ, ಸಿಂಬಾ, ಪಿಂಕಿ, ರಾಕಿ... ಆಂಟಿ ಒಂದೊಂದನ್ನೂ ತಮ್ಮ ಬಾಯಿಗೆ ಒಗ್ಗುವ ಹಾಗೆ ಒಮ್ಮೆ ಹೇಳಿಕೊಂಡು, ಆಮೇಲೆ ಚಿಲಕ ತೆಗೆಯುತ್ತಿದ್ದರು. ಗಾಡಿ ಗುದ್ದಿ ಯಾರೋ ತಂದು ಬಿಟ್ಟುಹೋದ ಬೀದಿನಾಯಿಗಳ ಗತಿ? ಹೆಸರಿಲ್ಲ ಎಂದರೆ "ಹಾಗಾದ್ರೆ ನೀನೇ ಒಂದು ಇಡು" ಎನ್ನುತ್ತಿದ್ದರು. ಹಸಿದ ಹೊಟ್ಟೆಯಲ್ಲಿ, ಬೀದಿಯಲ್ಲಿ ನಿಂತು, ಸತ್ತ ನಾಯಿಗೆ ನಾಮಕರಣ! ಒಂದು ಸಲ ಬಾಯಿಗೆ ಬಂದದ್ದನ್ನು ಹೇಳಿದೆ.

"ರಾಜ."

"ರಾಜ ಹೋದ ವಾರ ಆಯ್ತಲ್ಲ. ಬೇರೆ ಹೇಳು."

ಎದುರುಮನೆಯವರು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತ ಕಿವಿ ಇತ್ತಲೇ ಕೊಟ್ಟಿದ್ದರು. ನಾನು ಹಲ್ಲು ಕಚ್ಚಿಕೊಂಡು ಇನ್ನೊಂದು ಹೆಸರು ಹುಡುಕಿದೆ.

ಬೇರೆ ಮನೆ ನೋಡಿಕೊಳ್ಳುತ್ತೇನೆ ಎಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಆ ಬಾಡಿಗೆಗೆ ನಡೆದು ಹೋಗುವಷ್ಟು ದೂರದಲ್ಲಿ ಇನ್ನೊಂದು ರೂಮು ಸಿಗುವಂತಿರಲಿಲ್ಲ. ಹಾಗಾಗಿ ಮನೆಯ ಬದಲು ಕೆಲಸವನ್ನೇ ಬಿಟ್ಟುಬಿಡೋಣ ಎಂಬ ಯೋಚನೆ ನಿಧಾನವಾಗಿ ತಲೆಗೆ ಹೊಕ್ಕಿತು. ಊರ ಕಡೆಯವರೊಬ್ಬರು ಕಣ್ಣಿನ ಆಸ್ಪತ್ರೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದಿದ್ದರು. ಅಲ್ಲಿ ಯಾರೂ ಕಚ್ಚುವುದಿಲ್ಲ.

ಅದು ಹೆಚ್ಚುಕಡಿಮೆ ನಿರ್ಧಾರವಾದ ವಾರದಲ್ಲೇ ಆ ಮರಿ ಬಂತು. ಪಾರ್ವೋ ಎಂಬ ವಾಂತಿಭೇದಿ ರೋಗ ಬಡಿದ, ಬಟ್ಟೆಯ ಗಂಟಿನಷ್ಟಿದ್ದ ನಾಯಿಮರಿ. ದಿನವಿಡೀ ಡ್ರಿಪ್ ಹಾಕಿ, ಒರೆಸಿ, ಬಿಸಿನೀರಿನ ಬಾಟಲಿ ಪಕ್ಕಕ್ಕಿಟ್ಟು ನೋಡಿಕೊಂಡೆ. ವಾರದ ಕೊನೆಗೆ ಚೇತರಿಸಿಕೊಂಡಂತೆ ಕಂಡಿತು. ನನ್ನ ಚಪ್ಪಲಿಯ ಸದ್ದಿಗೆ ಬಾಲ ಅಲ್ಲಾಡಿಸಲು ಶುರುಮಾಡಿತ್ತು. ಅದಾದ ಮರುದಿನ ಮಧ್ಯಾಹ್ನ ನಾನು ಡ್ರಿಪ್ ಬದಲಿಸುತ್ತಿದ್ದಾಗಲೇ ಕೈಯಲ್ಲೇ ಹೋಗಿಬಿಟ್ಟಿತು. ಅದನ್ನು ಸಾಕಿದ ಮನೆಯವರಿಗೆ ಫೋನ್ ಮಾಡಿದರೆ "ನೀವೇ ಏನಾದ್ರೂ ಮಾಡ್ಬಿಡಿ" ಎಂದು ಫೋನ್ ಇಟ್ಟರು.

ಆ ಸಂಜೆ ಗೇಟಿನಲ್ಲಿ ನಾನು "ಯಾವ್ದೂ ಇಲ್ಲ ಆಂಟಿ" ಎಂದೆ. ಆಂಟಿ ಚಿಲಕ ತೆಗೆಯಲಿಲ್ಲ.

"ಮುಖ ನೋಡಿದ್ರೆ ಗೊತ್ತಾಗಲ್ವೇನೇ? ಹೆಸರು ಹೇಳು."

ನನ್ನ ತಾಳ್ಮೆ ಅಲ್ಲಿಗೆ ಕಿತ್ತುಹೋಯಿತು. "ಯಾಕ್ ಆಂಟಿ ಹಿಂಗೆ ಪ್ರಾಣ ತಿಂತೀರಾ? ದಿನಾ ಸಾಯ್ತವೆ! ನಾನು ನೀರು ಹಾಕ್ಕೊಂಡ್ರೆ ಎದ್ದು ಬರ್ತವಾ? ನಾಳೆಯಿಂದ ನಾನು ಆ ಕೆಲಸಕ್ಕೇ ಹೋಗಲ್ಲ!" ಬೀದಿಗೆಲ್ಲ ಕೇಳುವಂತೆ ಕೂಗಿದೆ. ಯಜಮಾನರು ಕೂಡ ಪೇಪರಿನಿಂದ ತಲೆ ಎತ್ತಿದರು.

ಆಂಟಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. "ಹೋಗ್ಬೇಡ ಬಿಡು. ನೀರು ಆರ್ತಾ ಇದೆ. ಹೆಸರು ಹೇಳು."

"ಬಟಾಣಿ" ಎಂದೆ. ಆ ಮನೆಯ ಮಕ್ಕಳು ಇಟ್ಟ ಹೆಸರು. ಹೇಳಿದ ಮೇಲೆ ನಗುವೂ ಬಂತು, ಅಳುವೂ ಬಂತು. ಆಂಟಿ ನಗಲಿಲ್ಲ. "ಬಟಾಣಿ..." ಎಂದು ಒಮ್ಮೆ ಹೇಳಿಕೊಂಡು ಚಿಲಕ ತೆಗೆದರು.

ಬಚ್ಚಲಿನಲ್ಲಿ ಹೊಗೆ ತುಂಬಿತ್ತು. ಕಣ್ಣು ಉರಿಯಲು ಅದೊಂದು ನೆಪವೂ ಆಯಿತು. ತಲೆಯ ಮೇಲೆ ಚೊಂಬುಚೊಂಬಾಗಿ ಬಿಸಿನೀರು ಸುರಿದುಕೊಂಡು, ಕೂತಲ್ಲೇ ಬಿಕ್ಕಿಬಿಕ್ಕಿ ಅತ್ತೆ. ಬಟಾಣಿಗಷ್ಟೇ ಅಲ್ಲ, ಬಾಯಿಗೆ ಬಂದ ಹೆಸರಿಟ್ಟ ನಾಯಿಗಳಿಗೂ ಅತ್ತಿರಬೇಕು. ಹೊರಗಿನಿಂದ ಆಂಟಿ ಬಾಗಿಲು ಬಡಿದರು. "ಹಂಡೆ ಖಾಲಿ ಮಾಡ್ಬೇಡ್ವೇ, ಅಂಕಲ್‌ಗೂ ಬೇಕು!" ತಲೆ ಒರೆಸಿಕೊಂಡು ಬಂದರೆ ಮೆಟ್ಟಿಲ ಮೇಲೆ ತಟ್ಟೆ. ಅನ್ನ, ಸೊಪ್ಪಿನ ಸಾರು. "ಸಾವಾದ ಮನೇಲಿ ಒಲೆ ಹಚ್ಬಾರ್ದು. ಮೇಲೆ ಹೋಗಿ ಸ್ಟೌ ಹಚ್ಚೀಯಾ ಮತ್ತೆ" ಎಂದರು. ಸಾರಿಗೆ ಉಪ್ಪು ಕಡಿಮೆಯಿತ್ತು. ಒಂದು ಅಗುಳು ಬಿಡದೆ ತಿಂದು, ಮಲಗಿದ್ದೇ ಗೊತ್ತಾಗದ ಹಾಗೆ ನಿದ್ದೆ ಹೋದೆ.

ಬೆಳಿಗ್ಗೆ ಎದ್ದರೆ ಕೆಲಸ ಬಿಡುವಷ್ಟು ಸಿಟ್ಟು ಎಲ್ಲಿ ಹುಡುಕಿದರೂ ಇಲ್ಲ! ಬಚ್ಚಲ ನೀರಿನ ಜೊತೆ ಮೋರಿಗೆ ಹೋಗಿತ್ತು. ಆಂಟಿ ಅಂದು ಸುಮ್ಮನಿದ್ದಿದ್ದರೆ ಈ ಹೊತ್ತಿಗೆ ನಾನು ಕಣ್ಣಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಟೋಕನ್ ಕೂಗುತ್ತಿದ್ದೆ. ಕೈಮೇಲೆ ಇಷ್ಟು ಗಾಯದ ಕಲೆಗಳೂ ಇರುತ್ತಿರಲಿಲ್ಲ. ಇವತ್ತಿಗೂ ಕಚ್ಚಿಸಿಕೊಂಡಾಗಲೆಲ್ಲ ಆ ನಾಯಿಗಿಂತ ಮೊದಲು ಆಂಟಿಯನ್ನೇ ಬೈದುಕೊಳ್ಳುತ್ತೇನೆ.

ಮದುವೆಯಾಗಿ ಉಲ್ಲಾಳಕ್ಕೆ ಬಂದು ಬೇರೆ ಕ್ಲಿನಿಕ್ಕಿಗೆ ಸೇರಿದ ಮೇಲೆ ಆ ಕಡೆ ಹೋಗಿಬರುವುದು ಕಡಿಮೆಯಾಯಿತು. ಹೋದ ವರ್ಷ ಒಂದು ದಿನ, ನಾನು ಕ್ಲಿನಿಕ್ಕಿನಲ್ಲಿ ನಾಯಿಯೊಂದನ್ನು ಅವುಚಿ ಹಿಡಿದಿದ್ದಾಗ, ನಂದಿನಿ ಲೇಔಟಿನಲ್ಲಿರುವ ಆಂಟಿಯ ಮಗಳ ಫೋನು. "ಅಮ್ಮ ಹೋಗ್ಬಿಟ್ರು ಅಕ್ಕಾ..." ಯೂನಿಫಾರಂನಲ್ಲೇ ಆಟೋ ಹತ್ತಿ ರಾಜಾಜಿನಗರದ ಮನೆಗೆ ಹೋದೆ. ತಲುಪುವಷ್ಟರಲ್ಲಿ ಆಂಟಿಯನ್ನು ಸ್ಮಶಾನಕ್ಕೆ ಒಯ್ದಿದ್ದರು. ಗೇಟು ಪೂರ್ತಿ ತೆರೆದಿತ್ತು. ಯಾರು ಬಂದರು, ಯಾರು ಹೋದರು ಎಂದು ಕೇಳುವವರಿಲ್ಲ. ಆ ಗೇಟು ಹಾಗೆ ತೆರೆದಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಯಜಮಾನರು ಕೂರುತ್ತಿದ್ದ ಕುರ್ಚಿಯ ಮೇಲೆ ಪೇಪರು ಮಡಚಿದ್ದು ಮಡಚಿದಂತೆಯೇ ಇತ್ತು.

ವಾಪಸು ಬಂದು ನಮ್ಮ ಮನೆಯ ಬಾಗಿಲಲ್ಲಿ ನಿಂತೆ. ಆ ಮನೆ ಬಿಟ್ಟರೂ ಚಟ ಬಿಟ್ಟಿರಲಿಲ್ಲ. ಕ್ಲಿನಿಕ್ಕಿನಲ್ಲಿ ಯಾವುದಾದರೂ ಹೋದ ದಿನ ಹೆಸರು ಹೇಳಿಯೇ ಹೊಸಿಲು ದಾಟುತ್ತೇನೆ, ಆಮೇಲೆ ನೇರ ಬಚ್ಚಲಿಗೆ. ಫೋನಿನಲ್ಲಿ ಮಾತಾಡುತ್ತಿದ್ದೇನೆ ಎಂದು ನನ್ನ ಗಂಡ ಅಂದುಕೊಳ್ಳುತ್ತಾನೆ. ಅವತ್ತೂ ಹಾಗೆಯೇ ಬಾಯಿ ತೆರೆದೆ... ಹೆಸರು ಬರಲಿಲ್ಲ. ಮರೆತದ್ದಲ್ಲ, ಗೊತ್ತೇ ಇರಲಿಲ್ಲ. ಯಜಮಾನರು ಅವರನ್ನು "ಏನೇ" ಎನ್ನುತ್ತಿದ್ದರು, ಮಗಳು ಅಮ್ಮ, ತರಕಾರಿಯವನು ಅಕ್ಕ. ನನ್ನ ಫೋನಿನಲ್ಲಿ ಅವರು ಇಂದಿಗೂ ಓನರ್ ಆಂಟಿ.

ಈಗಲೂ ಮಗಳಿಗೆ ಫೋನ್ ಮಾಡಿ ಕೇಳಬಹುದು. ಆದರೆ ಅವರ ಮನೆಯ ಅನ್ನ ಉಂಡವಳು ಯಾವ ಬಾಯಿಂದ ಕೇಳಲಿ, ನಿಮ್ಮಮ್ಮನ ಹೆಸರೇನು ಅಂತ? ಸಿಟ್ಟು ಬರುತ್ತದೆ. ಬೀದಿಯಲ್ಲಿ ಸತ್ತ ನಾಯಿಗೂ ಹೆಸರು ಬೇಕು ಎಂದು ಗೇಟು ಹಿಡಿದು ನಿಂತ ಹೆಂಗಸು, ತನ್ನದನ್ನು ಒಂದು ಸಲವಾದರೂ ಬಾಯಿಬಿಟ್ಟು ಹೇಳಬಾರದಿತ್ತೆ?

ನಿನ್ನೆ ಆ ಹೊಗೆಯ ವಾಸನೆ ಹೊತ್ತುಕೊಂಡು ಮನೆಗೆ ಬಂದೆ. ಕ್ಲಿನಿಕ್ಕಿನಲ್ಲಿ ನಿನ್ನೆ ಯಾವುದೂ ಹೋಗಿರಲಿಲ್ಲ. ಆದರೂ ತಲೆಗೆ ನೀರು ಹಾಕಿಕೊಳ್ಳಬೇಕು ಅನ್ನಿಸಿತು. ಹೊಸಿಲ ಹೊರಗೆ ನಿಂತು "ಆಂಟಿ" ಎಂದೆ. ಅಷ್ಟಕ್ಕೇ ಚಿಲಕ ತೆಗೆಯುವವರೇ ಅವರು?

"ಆಂಟಿ ಅನ್ನೋರು ಬೀದಿಗೆ ನೂರು ಜನ ಇದಾರೆ ಕಣೇ. ಬೇರೆ ಹೇಳು."

ಬೇರೆ ನನಗೆ ಗೊತ್ತಿಲ್ಲ.