ಅಪ್ಪನ ಕ್ಲಚ್ಚು, ನನ್ನ ಸ್ಕೇಲು

ಆಗೆಲ್ಲ ನಮ್ಮ ಅಜ್ಜಂಪುರದಲ್ಲಿ ಚಪ್ಪಲಿ ಬಿಟ್ಟು ಕಾರು ಹತ್ತುವ ಡ್ರೈವರುಗಳಿದ್ದರು. ನಮ್ಮಪ್ಪ ಅವರಲ್ಲೊಬ್ಬ. ಅನ್ನ ಕೊಡುವ ಗಾಡಿಯನ್ನು ಚಪ್ಪಲಿ ಕಾಲಲ್ಲಿ ತುಳಿಯಬಾರದು ಅನ್ನುವುದು ಅವನ ಹಟ. ಬಾಡಿಗೆಗೆ ಓಡಿಸುತ್ತಿದ್ದ ಹಳೇ ಬಿಳಿ ಕಾರದು. ಶಿವನಿ ಸ್ಟೇಷನ್ನಿಗೆ, ಕಡೂರಿಗೆ, ತರೀಕೆರೆಗೆ ಓಡಿ ಓಡಿ ಕ್ಲಚ್ ಪೆಡಲಿನ ರಬ್ಬರ್ ಸವೆದು ಉದುರಿ, ಬರೀ ಕಬ್ಬಿಣ ಉಳಿದಿತ್ತು. ಹೊಸ ರಬ್ಬರ್ ಹಾಕಿಸಿ ಅಂದರೆ, "ಬರಿಗಾಲಲ್ಲಿ ತುಳಿದ್ರೇನೇ ಗಾಡಿ ಏನ್ ಹೇಳ್ತೈತೆ ಅಂತ ಗೊತ್ತಾಗೋದು" ಅನ್ನುತ್ತಿದ್ದ.

ನಾನು ಆರನೇ ಕ್ಲಾಸಿನಲ್ಲಿದ್ದೆ. ಅವರೆಕಾಯಿ ಕಾಲ. ಅಂಗಳದ ತುಂಬ ಸಿಪ್ಪೆ, ಕೈಯಲ್ಲೆಲ್ಲ ಸೊಗಡು. ಆಗಲೇ ಅಪ್ಪನಿಗೆ ಕ್ಲಚ್ಚಿನ ಮೇಲೆ ಅನುಮಾನ ಶುರುವಾಗಿದ್ದು.

"ಪೆಡಲ್ ಕಾಲಿಗೇ ಸಿಗ್ತಿಲ್ಲ ಕಣೇ. ಪ್ಲೇ ಜಾಸ್ತಿ ಆಗೈತೆ. ನಿನ್ ಸ್ಕೇಲ್ ತಗಂಬಾ."

ಪೆಡಲ್ ಒತ್ತಿದಾಗ ಮೊದಲು ಸುಮ್ಮನೆ ಸಡಿಲವಾಗಿ ಹೋಗುತ್ತದಲ್ಲ, ಬಿಗಿ ಸಿಗುವವರೆಗಿನ ಆ ದೂರವೇ ಪ್ಲೇ. ನಮ್ಮ ಗಾಡಿಗೆ ಒಂದು ಇಂಚಿದ್ದರೆ ಸರಿ. ಜಾಸ್ತಿಯಾದರೆ ಬಾನೆಟ್ ಎತ್ತಿ ಕೇಬಲ್ಲಿನ ನಟ್ಟು ಬಿಗಿ ಮಾಡಬೇಕು. ನಾನು ಸ್ಟೇರಿಂಗ್ ಕೆಳಗೆ ತೂರಿ, ಗ್ರೀಸು ಪೆಟ್ರೋಲಿನ ವಾಸನೆಯಲ್ಲಿ ಮೂಗು ಮುಚ್ಚಿಕೊಂಡು, ಸ್ಕೇಲು ನಿಲ್ಲಿಸಿ ಕೈಯಲ್ಲಿ ಪೆಡಲ್ ಒತ್ತಿ ನೋಡಿದೆ.

"ಸರಿಯಾಗಿ ಒಂದಿಂಚು ಅಪ್ಪಾ."

"ಇನ್ನೊಂದ್ಸಲ ನೋಡೇ."

ಇನ್ನೊಂದು ಸಲಕ್ಕೂ ಒಂದೇ ಇಂಚು. ಮುಂದಿನ ಭಾನುವಾರವೂ ಅಷ್ಟೇ. ಲೆಕ್ಕದಲ್ಲಿ ನಾನೇ ಮುಂದೆ ಅಂತ ಜಂಬಪಡುತ್ತಿದ್ದವಳು ನಾನು. ನನ್ನ ಅಳತೆಯನ್ನೇ ನಂಬದ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು. ಅವನು ಮಾತ್ರ ಸೀಟಿನಲ್ಲಿ ಕೂತು ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಲೇ ಇದ್ದ, ಕತ್ತಲಲ್ಲಿ ಏನನ್ನೋ ತಡಕುವವನ ಹಾಗೆ.

ಮೂರನೇ ಭಾನುವಾರ ಪಕ್ಕದ ಮನೆಯ ಸರೋಜ ಕುಂಟೆಬಿಲ್ಲೆಗೆ ಮನೆ ಗೀಚಿಟ್ಟು ಕಾಯುತ್ತಿದ್ದಳು. "ಬತ್ತೀಯೇನೇ, ಇಲ್ವೇನೇ?" ಅಂತ ಬೇಲಿಯಾಚೆಯಿಂದ ಒಂದೇ ಸಮ ಕೂಗು. ಸ್ಕೇಲು ಇಟ್ಟೆ. ಒಂದು ಇಂಚು.

"ಒಂದೂವರೆ ಅಪ್ಪಾ" ಅಂದುಬಿಟ್ಟೆ.

ಅಪ್ಪನ ಮುಖ ಅರಳಿತು. "ನಾ ಹೇಳ್ಲಿಲ್ವಾ? ಗಾಡೀದೇ ತಪ್ಪು!" ಅಂದವನೇ ಸ್ಪ್ಯಾನರ್ ಹಿಡಿದು, ಪೆಡಲ್ ಕಾಲಿಗೆ ಸಿಕ್ಕಿತು ಅನ್ನಿಸುವವರೆಗೂ ನಟ್ಟು ಬಿಗಿ ಮಾಡುತ್ತಲೇ ಹೋದ. ಆ ವಾರವೆಲ್ಲ ಸಿಳ್ಳೆ ಹಾಕಿಕೊಂಡು ಓಡಾಡಿದ. ನಾನು ಕುಂಟೆಬಿಲ್ಲೆಯಲ್ಲಿ ಗೆದ್ದಿದ್ದೆ.

ಮುಂದಿನ ಭಾನುವಾರ ತರೀಕೆರೆಯ ಅತ್ತೆ ಮನೆಗೆ ಅವರೆಕಾಯಿ ಚೀಲ ಹೇರಿಕೊಂಡು ಅಪ್ಪ, ಅಮ್ಮ, ನಾನು ಮೂವರೂ ಹೊರಟೆವು. ದಾರಿಯ ಒಂದು ಏರಿನಲ್ಲಿ ಎಂಜಿನ್ ಅರಚತೊಡಗಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ ಗಂಟಲಿಗೇ ಬಂತು. ಪ್ಲೇ ಇಲ್ಲದಷ್ಟು ಬಿಗಿಯಾಗಿದ್ದ ಕ್ಲಚ್ಚು ಪೂರ್ತಿ ಕಚ್ಚಿಕೊಳ್ಳದೆ, ವಾರವಿಡೀ ಜಾರಿ ಜಾರಿ ಪ್ಲೇಟೇ ಸುಟ್ಟುಹೋಗಿತ್ತು. ಅಮ್ಮ ಇಳಿದು ಅಪ್ಪನ ಕಡೆಯ ಬಾಗಿಲು ತೆಗೆದಳು.

"ಏನ್ರೀ ಇದು! ಮ್ಯಾಟೆಲ್ಲ ರಕ್ತ!"

ಪೆಡಲಿನ ಕಬ್ಬಿಣದ ಅಂಚು ಎಡಗಾಲಿನ ಅಂಗಾಲನ್ನು ಸೀಳಿತ್ತು. ಅಪ್ಪ ಕಾಲೆತ್ತಿ, ಅದು ಬೇರೆ ಯಾರದೋ ಅನ್ನುವ ಹಾಗೆ ನೋಡಿದ.

"ನೋಯ್ತಿಲ್ವೇನ್ರೀ?"

"ಇಲ್ಲ ಕಣೇ. ಎಲ್ಲಿ, ಬೆರಳು ಚಿವುಟು ನೋಡಾನ."

"ಚಿವುಟ್ತಾನೇ ಇದೀನಲ್ರೀ..." ಅಂದ ಅಮ್ಮ ರಸ್ತೆ ಬದಿಯಲ್ಲೇ ಕುಸಿದು ಕೂತು ಅತ್ತಳು.

ತರೀಕೆರೆ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆ ಅಂದರು. ವರ್ಷಗಳಿಂದ ಮೈಯಲ್ಲಿ ಕೂತು ಕಾಲಿನ ನರಗಳನ್ನು ತಿಂದಿತ್ತಂತೆ. ಗಾಯ ಒಣಗಲಿಲ್ಲ, ಎರಡು ಬೆರಳು ತೆಗೆದರು. ಕಾಲಿಗೆ ಬಟ್ಟೆ ಸುತ್ತಿಕೊಂಡೇ ಅಪ್ಪ ಗ್ಯಾರೇಜಿಗೆ ಹೋದಾಗ ಜೊತೆಗೆ ನಾನಿದ್ದೆ. "ಈಪಾಟಿ ಬಿಗಿ ಮಾಡವ್ರಲ್ಲ, ಅಳತೆ ನೋಡಿದ್ ಯಾರಣ್ಣ?" ಅಂತ ಮೇಸ್ತ್ರಿ ಕೇಳಿದ. "ನಾನೇ ಕಣಪ್ಪ" ಅಂದ ಅಪ್ಪ, ನನ್ನ ಕಡೆ ತಿರುಗದೆ. ಆಮೇಲೆ ಗಾಡಿ ಮಾರಿದೆವು. ಆ ಸಿಳ್ಳೆ ಮತ್ತೆ ನಮ್ಮ ಮನೆಯಲ್ಲಿ ಕೇಳಲಿಲ್ಲ.

ಈಗ ಚಪ್ಪಲಿ ಬಿಟ್ಟು ಕಾರು ಹತ್ತುವವರನ್ನು ನಾನು ಕಾಣೆ. ಅಪ್ಪ ಚಪ್ಪಲಿ ಬಿಡಲು ಹೋದರೂ ಡಾಕ್ಟರ ಹೆಸರು ಹೇಳಿ ನಾನೇ ಗದರುತ್ತೇನೆ. ನನ್ನದು ಆಟೋಮ್ಯಾಟಿಕ್ ಕಾರು, ಅದಕ್ಕೆ ಕ್ಲಚ್ಚೇ ಇಲ್ಲ. ಹೋದ ತಿಂಗಳು ಅವನನ್ನು ಕೂರಿಸಿಕೊಂಡು ಕಡೂರಿಗೆ ಹೋಗುವಾಗ, ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಹೇಳಿಬಿಟ್ಟೆ.

"ಅಪ್ಪಾ, ಅವತ್ತು ಒಂದೇ ಇಂಚಿತ್ತು. ಆಡಕ್ಕೆ ಹೋಗ್ಬೇಕಿತ್ತು, ಸುಳ್ಳು ಹೇಳ್ದೆ."

"ಗ್ಯಾರೇಜಲ್ಲೇ ಗೊತ್ತಾಯ್ತು ಬಿಡು" ಅಂದ. ಎಡಗಾಲನ್ನು ಸವರಿಕೊಳ್ಳುತ್ತ, "ತಪ್ಪು ಗಾಡೀದಲ್ಲ, ಕಾಲಿಂದೇ ಅಂತ ಒಳಗೊಳಗೇ ಭಯ ಇತ್ತು ಕಣೇ. ನೀನು ಒಂದೂವರೆ ಅಂದ್ಯಲ್ಲ, ಆ ಒಂದ್ ವಾರ ನೆಮ್ಮದಿಯಾಗಿ ಓಡಿಸ್ದೆ."

ಆ ಒಂದು ವಾರ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ ಬೆರಳು ಉಳಿಯುತ್ತಿದ್ದವೋ ಏನೋ. ಯಾವ ಡಾಕ್ಟರನ್ನೂ ನಾನು ಕೇಳಿಲ್ಲ, ಕೇಳುವುದೂ ಇಲ್ಲ.

ಕಡೂರಿನಲ್ಲಿ ಇಳಿಯುವಾಗ ಅಪ್ಪ ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟ.

"ನೆಲಕ್ಕೆ ತಾಗೈತೇನೇ?"

ನಾನು ಆ ಕಡೆ ಹೋಗಿ, ಬಗ್ಗಿ, ಸರಿಯಾಗಿ ನೋಡಿದೆ.

"ತಾಗಿದೆ ಅಪ್ಪಾ" ಅಂದೆ.